ಮೊದಲು ಶುದ್ಧಿ, ಆಮೇಲೆ ಶಕ್ತಿ



ಈ ಸಲ ನಾನು ಪಾಠಶಾಲೆಯ ನೆನಪುಗಳನ್ನು ಬದಿಗಿರಿಸಿ ಪಿಕಪ್ ವಾಹನದ ಡೀಸೆಲ್ ಪಂಪಿನ ವಿಷಯ ಬರೆಯುತ್ತಿದ್ದೇನೆ. ಮೇಷ್ಟ್ರಿಗೂ ಡೀಸೆಲ್ಲಿಗೂ ಎತ್ತಣಿಂದೆತ್ತ ಸಂಬಂಧ ಎಂದು ನಗಬೇಡಿ. ನಮ್ಮ ಭದ್ರಾವತಿಯ ನ್ಯೂ ಟೌನ್ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯಲ್ಲಿ ತಂದೆಗೆ ಕೆಲಸ, ಮುಂದೆ ಮಗನಿಗೂ ಅಲ್ಲಿಯೇ ಕೆಲಸ ಎಂಬುದು ಒಂದು ಕಾಲದ ಭರವಸೆಯಾಗಿತ್ತು. ಆ ಭರವಸೆ ಕರಗಿದ ಮೇಲೆ ನನ್ನಲ್ಲಿ ಓದಿದ ಹಲವರು ಸಾಲ ಮಾಡಿ ಪಿಕಪ್ ಕೊಂಡು, ತರೀಕೆರೆ, ಚನ್ನಗಿರಿಗಳ ಅಡಿಕೆಯನ್ನೋ ಕರಾವಳಿಯ ಮೀನನ್ನೋ ಸಾಗಿಸಿ ಬದುಕು ಕಟ್ಟಿಕೊಂಡಿದ್ದಾರೆ. ಆ ವಾಹನ ಅವರಿಗೆ ಬರಿಯ ವಾಹನವಲ್ಲ. ಮನೆಯ ಬಾಡಿಗೆ, ಮಕ್ಕಳ ಶುಲ್ಕ, ಬ್ಯಾಂಕಿನ ಕಂತು ಎಲ್ಲವೂ ಅದರ ಇಂಜಿನ್ನಿನ ಮೇಲೆಯೇ ನಿಂತಿವೆ.

ಇವರಲ್ಲಿ ಕೆಲವರು ಮನೆಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: "ಸಾರ್, ಲೋಡ್ ಹಾಕಿ ಘಟ್ಟ ಹತ್ತುವಾಗ ಗಾಡಿ ಏದುಸಿರು ಬಿಡುತ್ತದೆ. ಪಂಪು ದೊಡ್ಡದು ಹಾಕಿಸಿದರೆ ಶಕ್ತಿ ಬರುತ್ತದಂತೆ, ಹೌದೇ?" ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ನಾಲ್ಕು ಕಾಸಿದ್ದರೆ ಅದನ್ನು ಮೊದಲು ಫಿಲ್ಟರಿಗೆ ಹಾಕಿ. ದೊಡ್ಡ ಪಂಪಿನ ಆಸೆಯನ್ನು ಬಿಟ್ಟರೂ ನಷ್ಟವಿಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ಹಳೆಯ ಇಂಜಿನ್ನಿಗೂ ಹೊಸ ಇಂಜಿನ್ನಿಗೂ ಇರುವ ಅಂತರವನ್ನು ಅರಿಯಬೇಕು. ನಮ್ಮ ಪ್ರಾಯದವರು ಕಂಡ ಲಾರಿಗಳಲ್ಲಿ ಇದ್ದದ್ದು 'ಮೈಕೋ' ಪಂಪು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಈ ಹೆಸರು ಹಳ್ಳಿಯ ಗ್ಯಾರೇಜುಗಳಲ್ಲಿಯೂ ಮನೆಮಾತಾಗಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಹಳೆಯ ಮೆಕ್ಯಾನಿಕರ ಬಾಯಲ್ಲಿ ಅದು ಮೈಕೋ ಆಗಿಯೇ ಉಳಿದಿದೆ. ಆ ಕಾಲದ ಪಂಪಿನ ಒತ್ತಡ ಕೆಲವು ನೂರು ಬಾರ್ ಮಾತ್ರ. ಡೀಸೆಲ್ಲಿನಲ್ಲಿ ತುಸು ಕಸರು ಇದ್ದರೂ ಅದು ಗೊಣಗುತ್ತ ದುಡಿಯುತ್ತಿತ್ತು. ಅದರ ಒಂದು ತಿರುಪನ್ನು ತಿರುಗಿಸಿ ಹೆಚ್ಚು ಡೀಸೆಲ್ ಹರಿಸಿದರೆ ಎಳೆತವೂ ಹೆಚ್ಚುತ್ತಿತ್ತು. 'ಪಂಪು ಹೆಚ್ಚಿಸಿದರೆ ಶಕ್ತಿ' ಎಂಬ ಮಾತು ಹುಟ್ಟಿದ್ದು ಅಲ್ಲಿಂದ.

ಈಗಿನ ಪಿಕಪ್‌ಗಳಲ್ಲಿರುವುದು ಕಾಮನ್ ರೈಲ್ ಪದ್ಧತಿ. ಇದರಲ್ಲಿ ಡೀಸೆಲ್ಲಿನ ಒತ್ತಡ 1,600 ಬಾರ್‌ವರೆಗೂ, ಕೆಲವು ಇಂಜಿನ್ನುಗಳಲ್ಲಿ ಅದಕ್ಕೂ ಮೇಲಕ್ಕೂ ಏರುತ್ತದೆ. ತರಗತಿಯಲ್ಲಿ ಹೇಳಿಕೊಟ್ಟದ್ದು ನೆನಪಿದೆಯೇ? ಹತ್ತು ಮೀಟರ್ ಎತ್ತರದ ನೀರಿನ ಕಂಬ ತನ್ನ ತಳದಲ್ಲಿ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಹಾಕುತ್ತದೆ. ಜೋಗದ 253 ಮೀಟರ್ ಎತ್ತರಕ್ಕೆ ನೀರಿನ ಕಂಬವೊಂದನ್ನು ನಿಲ್ಲಿಸಿದರೆ ತಳದಲ್ಲಿ ಸುಮಾರು 25 ಬಾರ್. ಅಂಥ ಅರವತ್ತಕ್ಕೂ ಹೆಚ್ಚು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಎಷ್ಟೋ, ಅಷ್ಟು ಒತ್ತಡ ನಿಮ್ಮ ಬಾನೆಟ್ಟಿನ ಕೆಳಗಿನ ಒಂದು ಗೇಣು ಕೊಳವೆಯಲ್ಲಿದೆ! ಇದನ್ನು ತಡೆದುಕೊಳ್ಳಲು ಪಂಪು ಮತ್ತು ಇಂಜೆಕ್ಟರುಗಳ ಒಳಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ ಇರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಅರದಂತೆ ಉಜ್ಜುತ್ತದೆ.

ಧೂಳಿಗಿಂತ ದೊಡ್ಡ ವೈರಿ ನೀರು. ಪಂಪಿನ ಒಳಭಾಗಗಳಿಗೆ ಬೇರೆ ಎಣ್ಣೆಯಿಲ್ಲ. ಹರಿಯುವ ಡೀಸೆಲ್ಲೇ ಅವಕ್ಕೆ ಜಿಡ್ಡು. ಅದರ ಜಾಗದಲ್ಲಿ ನೀರು ಹೊಕ್ಕರೆ ಲೋಹಕ್ಕೆ ಲೋಹ ತಾಗಿ ಸವೆಯುತ್ತದೆ, ತುಕ್ಕೂ ಹಿಡಿಯುತ್ತದೆ. ಸವೆದ ಲೋಹದ ಪುಡಿ ಅಲ್ಲಿಗೇ ನಿಲ್ಲದೆ ರೈಲಿಗೂ ಇಂಜೆಕ್ಟರುಗಳಿಗೂ ಹರಡುತ್ತದೆ. ಆಮೇಲೆ ಪಂಪೊಂದನ್ನು ಬದಲಿಸಿದರೆ ಸಾಲದು, ಇಡೀ ಸಂಸಾರವನ್ನೇ ಬದಲಿಸಬೇಕು. ಕೆಲವು ನೂರು ರೂಪಾಯಿಯ ಫಿಲ್ಟರನ್ನು ಉದಾಸೀನ ಮಾಡಿದವನಿಗೆ ಖರ್ಚು ಲಕ್ಷದ ಸಮೀಪಕ್ಕೆ ಬಂದು ನಿಲ್ಲುವುದು ಹೀಗೆ.

ನಮ್ಮ ಸೀಮೆಯಲ್ಲಿ ನೀರಿನ ಅಪಾಯ ಇನ್ನೂ ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದಾಗ ಅದರ ಗೋಡೆಗಳ ಮೇಲೆ ಹನಿಗಟ್ಟಿ, ಹನಿಗಳು ಕೆಳಗಿಳಿದು ತಳ ಸೇರುತ್ತವೆ. ಎಣ್ಣೆ ಮೇಲೆ, ನೀರು ಕೆಳಗೆ ಎಂಬ ಆರನೆಯ ತರಗತಿಯ ಪಾಠವೇ ಇದು. ಫಿಲ್ಟರಿನ ಬುಡದಲ್ಲಿರುವ ನೀರು ಬೇರ್ಪಡಿಸುವ ಬಟ್ಟಲೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಆ ಬಟ್ಟಲಿನ ತಿರುಪನ್ನು ಸಡಿಲಿಸಿ ನೀರು ಬಸಿಯುವುದಕ್ಕೆ ಐದು ನಿಮಿಷ ಸಾಕು. ಆದರೆ ವರ್ಷವಿಡೀ ಒಮ್ಮೆಯೂ ಅದನ್ನು ಮುಟ್ಟದವರೇ ಹೆಚ್ಚು. ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹೊತ್ತಿದರೂ "ಸೆನ್ಸಾರ್ ಕೆಟ್ಟಿರಬೇಕು" ಎಂದು ಮುಂದೆ ಹೋಗುವವರಿದ್ದಾರೆ.

ಹಾಗಾದರೆ ಘಟ್ಟದಲ್ಲಿ ಏದುಸಿರು ಏಕೆ? ಸಮತಟ್ಟಿನಲ್ಲಿ ಸರಿಯಾಗಿ ಓಡಿ ಏರಿನಲ್ಲಿ ಮಾತ್ರ ಸೊರಗುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಟ್ಟಿಕೊಂಡ ಫಿಲ್ಟರನ್ನು. ಇಂಜಿನ್ನಿಗೆ ಅತಿ ಹೆಚ್ಚು ಡೀಸೆಲ್ ಬೇಕಾಗುವುದು ಏರಿನಲ್ಲಿಯೇ. ಕಟ್ಟಿದ ಮೂಗಿನವನು ನಡೆಯುವಾಗ ಸುಮ್ಮನಿದ್ದು ಓಡುವಾಗ ತೇಕುವಂತೆ. ಅದಾದ ಮೇಲೆ ಗಾಳಿಯ ಫಿಲ್ಟರನ್ನು, ಟರ್ಬೋದ ಕೊಳವೆಗಳನ್ನು ನೋಡಿಸಿ. ಪಂಪೇ ಸವೆದಿದೆ ಎಂದು ಪರೀಕ್ಷೆಯಲ್ಲಿ ತಿಳಿದರೆ ಅಗತ್ಯವಾಗಿ ರಿಪೇರಿ ಮಾಡಿಸಿ. ಆದರೆ ರಿಪೇರಿಯೇ ಬೇರೆ, ಮೂಲಕ್ಕಿಂತ ದೊಡ್ಡದನ್ನು ಹಾಕಿಸುವುದೇ ಬೇರೆ.

ದೊಡ್ಡ ಪಂಪು ಹೆಚ್ಚು ಡೀಸೆಲ್ ಕೊಡಬಹುದು, ಹೆಚ್ಚು ಗಾಳಿಯನ್ನು ಕೊಡಲಾರದು. ಗಾಳಿ ಸಾಲದ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಪಿಸ್ಟನ್, ಟರ್ಬೋಗಳು ಮಿತಿಮೀರಿ ಕಾಯುತ್ತವೆ. 2020ರ ಏಪ್ರಿಲ್‌ನಲ್ಲಿ ಬಂದ ಬಿ.ಎಸ್. 6 ನಿಯಮದ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಇನ್ನೊಂದು ಫಿಲ್ಟರ್ ಇರುವುದರಿಂದ ಅದೂ ಬೇಗ ಕಟ್ಟಿಕೊಳ್ಳುತ್ತದೆ. ಕಂಪನಿಯ ವಾರಂಟಿಗೆ ಕುತ್ತು ಬರಬಹುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲ ವಿವರಗಳಿಗೆ ಭಿನ್ನವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ ಎಂಬುದನ್ನೂ ಮರೆಯಬಾರದು. ಇನ್ನೊಂದು ಕಹಿ ಮಾತು: ಶಕ್ತಿ ಸಾಲದು ಎನ್ನುವ ಅನೇಕರ ನಿಜವಾದ ತೊಂದರೆ ಪಂಪಿನದಲ್ಲ, ಹಿಂದೆ ಹೇರಿದ ಮಿತಿಮೀರಿದ ಹೊರೆಯದು. ಇಂಜಿನ್ನಿಗೆ ಬಲ ತುಂಬಿದರೂ ಬ್ರೇಕಿಗೆ ಬಲ ತುಂಬಿದಂತಾಗುವುದಿಲ್ಲ. ಆಗುಂಬೆಯ ತಿರುವುಗಳಲ್ಲಿ ಇಳಿಯುವಾಗ ನಿಮ್ಮನ್ನು ಕಾಯಬೇಕಾದದ್ದು ಬ್ರೇಕು.

ಸುಧಾರಣೆಯೇ ಬೇಡವೆಂಬುದು ನನ್ನ ವಾದವಲ್ಲ. ದೂರದ ಓಡಾಟದವರು ಟ್ಯಾಂಕಿಗೂ ಮೂಲ ಫಿಲ್ಟರಿಗೂ ನಡುವೆ ಪಾರದರ್ಶಕ ಬಟ್ಟಲಿನ, ನೀರು ಬೇರ್ಪಡಿಸುವ ಒಂದು ಹೆಚ್ಚಿನ ಫಿಲ್ಟರನ್ನು ತಿಳಿದವರಿಂದ ಹಾಕಿಸುವುದು ಒಳ್ಳೆಯದು. ಅದು ಒರಟು ಜಾಲರಿಯದಾಗಿರಲಿ. ಪಂಪು ಹೀರುವ ಕಡೆಗೇ ಅತಿ ಸೂಕ್ಷ್ಮ ಫಿಲ್ಟರ್ ಇಟ್ಟರೆ ಡೀಸೆಲ್ಲಿನ ಹರಿವು ಸೊರಗಿ ಪಂಪಿಗೇ ಪೆಟ್ಟು. ಟ್ಯಾಂಕಿನಿಂದ ಡೀಸೆಲ್ ಎತ್ತಿಕೊಡುವ ಚಿಕ್ಕ ವಿದ್ಯುತ್ ಪಂಪು ದುರ್ಬಲವಾಗಿದ್ದರೆ ಅದೇ ಅಳತೆಯ, ಅದೇ ಒತ್ತಡದ ಹೊಸದನ್ನು ಹಾಕಿಸಿ. ಹೊಸ ಫಿಲ್ಟರಿಗೆ ತೆರೆದ ಡಬ್ಬಿಯ ಡೀಸೆಲ್ ಸುರಿದು ಕೂರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸೋಸದ ಡೀಸೆಲ್ ಹಾಗೆ ನೇರವಾಗಿ ಪಂಪಿಗೆ ಹೋಗುತ್ತದೆ. ಅದಕ್ಕೆಂದೇ ಕೈಪಂಪು ಕೊಟ್ಟಿರುತ್ತಾರೆ. ಅಗ್ಗದ ನಕಲಿ ಫಿಲ್ಟರ್ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಬಸಿಯಿರಿ, ರಾತ್ರಿ ನಿಲ್ಲಿಸುವಾಗ ಟ್ಯಾಂಕು ಆದಷ್ಟು ತುಂಬಿರಲಿ.

ನಮ್ಮ ತಾಯಂದಿರು ಬಿಂದಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಅವರಿಗೆ ಮೈಕ್ರಾನಿನ ಲೆಕ್ಕ ಗೊತ್ತಿರಲಿಲ್ಲ, ಆದರೆ ಒಳಗೆ ಹೋಗುವುದು ಶುದ್ಧವಾಗಿದ್ದರೆ ದೇಹ ತಾನೇ ದುಡಿಯುತ್ತದೆ ಎಂಬ ಅರಿವಿತ್ತು. ಕಂತು ತೀರುವವರೆಗೂ, ತೀರಿದ ಮೇಲೂ ಹತ್ತು ವರ್ಷ ನಿಮ್ಮ ಗಾಡಿ ಅನ್ನ ಕೊಡಬೇಕು. ಈ ಜೂನ್ ಮಳೆ ಹಿಡಿಯುವ ಮುನ್ನ ಒಂದು ಭಾನುವಾರ ಬಾನೆಟ್ ಎತ್ತಿ, ಆ ಪುಟ್ಟ ಬಟ್ಟಲಿನ ತಿರುಪನ್ನು ಸಡಿಲಿಸಿ, ಗಾಜಿನ ಲೋಟದಲ್ಲಿ ಬಸಿದು ನೋಡಿ. ತಳದಲ್ಲಿ ಏನು ಕಂಡಿತೆಂದು ನನಗೂ ತಿಳಿಸಿ.

ಎಲ್ಲರಿಗೂ ಶುಭವಾಗಲಿ.