ಅಚಲೆಯ ಚಲನೆ

ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ ಭೂಮಿಗೆ ‘ಅಚಲಾ’, ‘ಸ್ಥಿರಾ’ ಎಂಬ ಹೆಸರುಗಳಿರುವುದನ್ನು ನಾವು ಕಲಿತೆವು. ಅಲುಗದವಳು, ನೆಲೆಯಾಗಿ ನಿಂತವಳು ಎಂದು ಅವುಗಳ ಅರ್ಥ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳುಹಿಸಿ ಬಂದು ಜನರು ಮಲಗಿದ್ದ ಹೊತ್ತಿನಲ್ಲಿ, ಮಹಾರಾಷ್ಟ್ರದ ಕಿಲ್ಲಾರಿಯ ನೆಲವು ಆ ಹೆಸರುಗಳನ್ನು ಸುಳ್ಳುಮಾಡಿತು. ಲಾತೂರು ಹಾಗೂ ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಹತ್ತು ಸಾವಿರದ ಸಮೀಪ ಜನರು ಮಡಿದರು. ನಮ್ಮ ಬೀದರ, ಕಲಬುರಗಿ ಸೀಮೆಯೂ ನಡುಗಿತು. ಆ ಕಡೆಗೆ ಹೆಣ್ಣು ಕೊಟ್ಟು ತಂದ ಮನೆತನಗಳು ನಮ್ಮಲ್ಲಿ ಉಂಟು. ಆದುದರಿಂದ ಆ ದುಃಖವು ನೆರೆರಾಜ್ಯದ ಸುದ್ದಿ ಮಾತ್ರವಾಗಿ ಉಳಿಯಲಿಲ್ಲ.

“ನಮ್ಮದು ಗಟ್ಟಿ ಕಲ್ಲಿನ ನೆಲ, ಇಲ್ಲಿ ಭೂಕಂಪವೇಕೆ?” ಎಂದು ಇಂದಿಗೂ ಕೇಳುವವರಿದ್ದಾರೆ. ನೆಲದಡಿ ಜ್ವಾಲಾಮುಖಿ ಅಡಗಿದೆಯೇ ಎಂಬುದು ಇನ್ನು ಕೆಲವರ ಅಂಜಿಕೆ.

ಆ ಸೀಮೆಯ ಕರಿಕಲ್ಲು ಬೆಂಕಿಯಿಂದ ಹುಟ್ಟಿದ್ದೆಂಬುದು ನಿಜ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರಪದರವಾಗಿ ಹರಿದು ಆರಿತು. ಅದರ ಹಾಸು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಅದೇ ಸವೆದು ನಮ್ಮ ಎರೆಮಣ್ಣಾಯಿತು. ಆದರೆ ಆ ಒಲೆ ಎಂದೋ ಆರಿಹೋಗಿದೆ. ಇಂದು ಭಾರತದಲ್ಲಿ ಜೀವಂತವಾಗಿರುವ ಜ್ವಾಲಾಮುಖಿಯು ಅಂಡಮಾನಿನ ಬ್ಯಾರನ್ ದ್ವೀಪದ್ದು. ಭೂಕಂಪದ ತರುವಾಯ ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಕರಿಕಲ್ಲಿನ ದಪ್ಪ 338 ಮೀಟರ್ ಮಾತ್ರ ಇತ್ತು. ಅದರ ಕೆಳಗಿರುವುದು ಬಹು ಪ್ರಾಚೀನವಾದ ಶಿಲೆ. ಅದರೊಳಗಿನ ಬಿರುಕೇ ಭೂಕಂಪದ ಮೂಲ.

ಕಲ್ಲು ಒಡೆಯುತ್ತದೆಯೇ ಹೊರತು ಬಾಗುವುದಿಲ್ಲವೆಂದು ನಾವು ತಿಳಿದಿದ್ದೇವೆ. ಆಲೆಮನೆಯನ್ನು ನೆನೆಯಿರಿ. ಬಿಸಿ ಪಾಕವು ಒತ್ತಿದತ್ತ ಸರಿಯುತ್ತದೆ. ಆರಿ ಅಚ್ಚಾದ ಬೆಲ್ಲವು ಪೆಟ್ಟಿಗೆ ಒಡೆಯುತ್ತದೆ. ಬಹು ಆಳದ ಬಿಸಿ ಶಿಲೆಯು ಕರಗದೆಯೇ ಮೆಲ್ಲಮೆಲ್ಲನೆ ಸರಿದು ರೂಪ ಬದಲಿಸುತ್ತದೆ. ಮೇಲಿನ ತಣ್ಣನೆಯ ಶಿಲೆಯಾದರೋ ಬಿಲ್ಲಿನಂತೆ ತುಸುವೇ ಬಾಗಿ, ಶಕ್ತಿಯನ್ನು ತುಂಬಿಕೊಂಡು, ತಾಳಲಾರದಾದಾಗ ಬಿರುಕಿನಗುಂಟ ಫಕ್ಕನೆ ಜಾರುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಮೊದಲಿನ ಹಾಗೂ ನಂತರದ ಭೂಮಾಪನಗಳನ್ನು ಹೋಲಿಸಿ ಹ್ಯಾರಿ ಫೀಲ್ಡಿಂಗ್ ರೀಡ್ ಅವರು ಈ ತತ್ತ್ವವನ್ನು ವಿವರಿಸಿದರು. ನಮ್ಮಲ್ಲಿ ಈ ಬಿಲ್ಲನ್ನು ಬಾಗಿಸುವುದು ಯಾವುದು? ಭಾರತದ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಹಿಮಾಲಯವನ್ನು ಎತ್ತಿದ ಆ ಒತ್ತಡವು ದಖ್ಖನ್ನಿನ ಒಡಲಿಗೂ ತಟ್ಟುತ್ತದೆ.

ಕಿಲ್ಲಾರಿಯ ಭೂಕಂಪದ ಪ್ರಮಾಣ ಸುಮಾರು 6.2. ಇದು ಲೋಕದ ಮಹಾಭೂಕಂಪಗಳಲ್ಲಿ ಒಂದಲ್ಲ. ಜನರನ್ನು ಕೊಂದದ್ದು ಬಹುಮಟ್ಟಿಗೆ ಅವರವರ ಮನೆಯೇ. ಕೆಸರಿನಲ್ಲಿ ಗುಂಡುಕಲ್ಲು ಕೂಡಿಸಿದ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಭಾರವಾದ ಮಾಳಿಗೆ. ನಾವೂ ಅಂಥ ಮನೆಯಲ್ಲಿಯೇ ಬೆಳೆದವರು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಗೋಡೆ ದಪ್ಪವಾದಷ್ಟೂ ಭದ್ರವೆಂದು ಹಿರಿಯರು ನಂಬಿದ್ದರು. ನೆಲವು ಅಲುಗಿದಾಗ ಆ ದಪ್ಪವೇ ಭಾರವಾಗುತ್ತದೆ. ಗೋಡೆಯ ಒಳಮೈ ಹೊರಮೈಗಳು ಬೇರೆಬೇರೆಯಾಗಿ ಕುಸಿಯುತ್ತವೆ.

1992ರಲ್ಲಿಯೇ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳಾಗಿದ್ದವು. ಆದರೂ ಭೂಕಂಪದ ದಿನವನ್ನು ಮುಂದಾಗಿ ಹೇಳುವ ವಿದ್ಯೆಯು ಇನ್ನೂ ಯಾರಿಗೂ ಕೈಗೂಡಿಲ್ಲ. ಹಾಗೆ ಹೇಳುವವರನ್ನು ನಂಬಬೇಡಿರಿ. ಮನೆಯನ್ನು ಸರಿಪಡಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಗೋಡೆಯ ಎರಡೂ ಮೈಗಳನ್ನು ಹಿಡಿಯುವ ಉದ್ದನೆಯ ಕಲ್ಲುಗಳನ್ನು ನಡುನಡುವೆ ಇಡಿಸಿರಿ. ಬಾಗಿಲ ತಲೆಯ ಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿಯನ್ನು ಕಟ್ಟಿಸಿರಿ. ಮಾಳಿಗೆ ಸೋರುತ್ತದೆಂದು ವರ್ಷವರ್ಷವೂ ಮಣ್ಣು ಏರಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದೆ. ಈ ಸಲ ಹೊಸ ಮಣ್ಣು ಹಾಕುವ ಮುನ್ನ, ಹಳೆಯದನ್ನು ಇಳಿಸಿರಿ.