ಶ್ವಾಸನಾಳದ ಜಾಡಮಾಲಿಗಳು ಹುಟ್ಟುವ ಬಗೆ

ಅಟ್ಟದ ಧೂಳು ಹೊಡೆದ ಮರುದಿನ ಮುಖ ತೊಳೆಯುವಾಗ ಕಪ್ಪು ಕಫ ಬರುವುದನ್ನು ನೀವು ಗಮನಿಸಿರಬಹುದು. ಅದನ್ನು ರಾತ್ರಿಯಿಡೀ ಗಂಟಲಿನತ್ತ ಸಾಗಿಸಿದ್ದು ಶ್ವಾಸನಾಳದ ಒಳಪದರದ ಎರಡು ಬಗೆಯ ಜೀವಕೋಶಗಳು. ಒಂದು ಬಗೆಯವು ಲೋಳೆ ಸುರಿಸಿ ಧೂಳನ್ನು ಹಿಡಿಯುತ್ತವೆ. ಇನ್ನೊಂದು ಬಗೆಯವುಗಳ ನೆತ್ತಿಯ ಮೇಲೆ ತಲಾ 200ರಷ್ಟು ಲೋಮಾಂಗಗಳು, ಅಂದರೆ ಅತಿ ಸಣ್ಣ ಎಳೆಗಳು. ಸೆಕೆಂಡಿಗೆ 10-15 ಸಲ ಬಡಿದು ಇವು ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ.

ಎರಡೂ ಒಂದೇ ಮೂಲದವು. ಪದರದ ಅಡಿಯಲ್ಲಿ, ಗಾಳಿ ಸೋಕದಂತೆ ಕೂತಿರುವ ಗಿಡ್ಡ ಕೋಶಗಳೇ ಇಲ್ಲಿನ ಆಕರ ಕೋಶಗಳು. ಮೇಲಿನವು ಸವೆದಾಗ, ಫ್ಲೂ ಬಂದು ಸುಲಿದುಹೋದಾಗ, ಇವು ವಿಭಜಿಸಿ ಹೊಸ ಪದರ ಕಟ್ಟುತ್ತವೆ. ಸರಿ, ಹುಟ್ಟಿದ ಮರಿಕೋಶ ಲೋಳೆ ಸುರಿಸಬೇಕೋ, ಲೋಮಾಂಗ ಬೆಳೆಸಬೇಕೋ? ಜೀನುಗಳೇನೋ ಎರಡರಲ್ಲೂ ಒಂದೇ.

ಇದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನೆರೆಹೊರೆ! ಕೋಶದ ಮೈಮೇಲೆ ನಾಚ್ ಎಂಬ ಪ್ರೋಟೀನು ಇರುತ್ತದೆ. (ರೆಕ್ಕೆಯಂಚಿನಲ್ಲಿ ಕಚ್ಚು ಬಿದ್ದ ಹಣ್ಣುನೊಣಗಳಿಂದ ಬಂದ ಹೆಸರು ಇದು.) ಪಕ್ಕದ ಕೋಶ ತನ್ನದೊಂದು ಪ್ರೋಟೀನಿನಿಂದ ಅದನ್ನು ಮುಟ್ಟಿದರೆ ನಾಚ್‌ನ ತುಂಡೊಂದು ಕಳಚಿ ಕೋಶಕೇಂದ್ರಕ್ಕೆ ಹೋಗುತ್ತದೆ, ಮರಿಕೋಶ ಸ್ರವಿಸುವ ಕೋಶವಾಗುತ್ತದೆ. ಆ ಸಂದೇಶ ಬಾರದಿದ್ದರೆ ಲೋಮಾಂಗ ಮೂಡುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮನುಷ್ಯರ ಆಕರ ಕೋಶಗಳನ್ನು ಸೂಕ್ಷ್ಮ ರಂಧ್ರಗಳ ಪೊರೆಯ ಮೇಲೆ ಹರಡಿ, ಕೆಳಗಿನಿಂದ ಪೋಷಕ ದ್ರವ ಕೊಟ್ಟು, ಮೇಲ್ಭಾಗವನ್ನು ಗಾಳಿಗೆ ತೆರೆದಿಟ್ಟರೆ 3-4 ವಾರಗಳಲ್ಲಿ ಲೋಮಾಂಗಗಳು ಬಡಿಯತೊಡಗುತ್ತವೆ. ನಾಚ್‌ಗೆ ತಡೆಯೊಡ್ಡುವ ರಾಸಾಯನಿಕ ಬೆರೆಸಿದರೆ ಲೋಮಾಂಗದ ಕೋಶಗಳೇ ಹೆಚ್ಚುತ್ತವೆ.

ಬೀಡಿ, ಸಿಗರೇಟಿನ ಹೊಗೆ ಕೆಡಿಸುವುದು ಈ ಲೆಕ್ಕಾಚಾರವನ್ನೇ. ಲೋಳೆ ಸುರಿಸುವವು ಹೆಚ್ಚುತ್ತವೆ, ಲೋಮಾಂಗಗಳು ಗಿಡ್ಡವಾಗುತ್ತವೆ, ಕೆಲವೆಡೆ ಆಕರ ಕೋಶಗಳು ಇವೆರಡನ್ನೂ ಬಿಟ್ಟು ಚರ್ಮದಂಥ ಚಪ್ಪಟೆ ಕೋಶಗಳನ್ನು ಹುಟ್ಟಿಸುತ್ತವೆ. ಗುಡಿಸುವವರಿಲ್ಲದ ಕಫವನ್ನು ಕೆಮ್ಮಿಯೇ ತೆಗೆಯಬೇಕು. ಅಪ್ಪನ ಬೆಳಗಿನ ಕೆಮ್ಮನ್ನು ‘ಅದು ಮಾಮೂಲು’ ಎನ್ನುವ ಮನೆಗಳು ಎಷ್ಟಿಲ್ಲ?

ಬಿಟ್ಟರೆ ಏನಾದೀತು? 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು 16 ಜನರ ಶ್ವಾಸನಾಳದ ಕೋಶಗಳ ಡಿಎನ್‌ಎ ಪರೀಕ್ಷೆಯನ್ನು ಪ್ರಕಟಿಸಿದರು. ಧೂಮಪಾನ ಬಿಟ್ಟವರಲ್ಲಿ, ಹೆಚ್ಚುಕಡಿಮೆ ಸೇದದವರಷ್ಟೇ ಸ್ವಸ್ಥವಾದ ಕೋಶಗಳ ಪಾಲು, ಸೇದುತ್ತಲೇ ಇರುವವರಿಗಿಂತ ಸುಮಾರು 4 ಪಟ್ಟು ಹೆಚ್ಚಿತ್ತು. ಕೆಟ್ಟ ಕೋಶಗಳು ರಿಪೇರಿಯಾಗಿರಲಿಲ್ಲ. ಹೊಗೆಯ ಏಟಿನಿಂದ ಹೇಗೋ ಪಾರಾಗಿ ಸುಪ್ತವಾಗಿದ್ದ ಆಕರ ಕೋಶಗಳು, ಹೊಗೆ ನಿಂತ ಮೇಲೆ ಎದ್ದು ಜಾಗ ಹಿಡಿದಿರಬೇಕು ಎಂಬುದು ಅವರ ಊಹೆ.