ನೀರಿನ ಅಳತೆಗೆ ತಕ್ಕ ಬೇಸಿಗೆ ಕೈತೋಟ

ಮಾರ್ಚ್ ಕಳೆಯುವ ಹೊತ್ತಿಗೆ ತಾರಸಿ ಕುಂಡದ ಟೊಮೆಟೊ ಗಿಡ ತುಂಬ ಹೂ ಬಿಟ್ಟಿರುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಅರಳಿದ ಹಳದಿ ಹೂ ತೊಟ್ಟಿನ ನಡುವಿನ ಗಂಟಿನಲ್ಲೇ ಕಳಚಿ ಮಣ್ಣಿಗೆ ಬೀಳುತ್ತದೆ. ನೀರು ಸಾಲಲಿಲ್ಲವೇನೋ ಎಂದು ಮನೆಯವರು ಇನ್ನೊಂದು ಚೊಂಬು ಸುರಿಯುತ್ತಾರೆ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಎಷ್ಟು ನೀರೆರೆದರೂ ಅದು ಸರಿಹೋಗದು. ಬೀನ್ಸ್, ದಪ್ಪ ಮೆಣಸಿನಕಾಯಿಯ ಪಾಡೂ ಹೆಚ್ಚುಕಡಿಮೆ ಇದೇ. ಕೊತ್ತಂಬರಿ, ಪಾಲಕ್ ನಾಲ್ಕು ಎಲೆ ಕೊಡುವ ಮೊದಲೇ ಹೂಕಡ್ಡಿ ಎತ್ತುತ್ತವೆ. ಇವುಗಳೊಂದಿಗೆ ಹೆಣಗಿ ಸೋತವರು ಬೇಸಿಗೆಯಲ್ಲಿ ಕೈತೋಟ ಆಗದ ಕೆಲಸವೆಂದು ಕುಂಡಗಳನ್ನು ಮಗುಚಿಡುತ್ತಾರೆ. ಈ ತೀರ್ಮಾನ ಅವಸರದ್ದು. ಬೇಸಿಗೆಯಲ್ಲೂ ಬೆಳೆಯಬಹುದು, ಬೆಳೆಯಬೇಕು. ಆದರೆ ಎರಡು ಕಟ್ಟುಪಾಡು ಬೇಕು: ಗಿಡ ಬಿಸಿಲಿಗೆ ಒಗ್ಗಿದ್ದಾಗಿರಬೇಕು, ತೋಟದ ಅಗಲ ಮನೆಯಲ್ಲಿ ಒಮ್ಮೆ ಬಳಸಿ ಚೆಲ್ಲುವ ನೀರಿನ ಅಳತೆ ಮೀರಬಾರದು.

ಬಿಸಿಲಿಗೆ ಒಗ್ಗುವ ಗಿಡಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಕರಾವಳಿಯಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಸೌತೆ, ಅಲಸಂದೆ, ಹರಿವೆ, ಬೆಂಡೆ ಬೆಳೆಯುವ ರೂಢಿ ಹಳೆಯದು. ಬೇಸಿಗೆಯಲ್ಲಿ ಬಲಿತ ಸೌತೆಯನ್ನು ನಾರಿನಲ್ಲಿ ಕಟ್ಟಿ ಮನೆಯೊಳಗಿನ ತೊಲೆಗೆ ಸಾಲಾಗಿ ನೇತುಹಾಕಿದರೆ ಮಳೆಗಾಲದ ಸಾಂಬಾರಿಗೆ ಚಿಂತೆಯಿರಲಿಲ್ಲ. ಬಯಲುಸೀಮೆಯ ಗೋರಿಕಾಯಿ, ಅಂದರೆ ಉತ್ತರ ಕರ್ನಾಟಕದವರ ಚವಳಿಕಾಯಿ, ಬೇರನ್ನು ಆಳಕ್ಕಿಳಿಸಿ ಕಡಿಮೆ ನೀರಿನಲ್ಲೇ ಕಾಯಿ ಕೊಡುತ್ತದೆ. ಬೆಂಡೆಯಂತೂ ಸೆಕೆಯಿದ್ದಷ್ಟೂ ಹುರುಪಿನಿಂದ ಬೆಳೆಯುವ ಗಿಡ: ಬೆಳಿಗ್ಗೆ ಅರಳಿದ ಹೂ ಅಂದೇ ಮುದುಡಿ, ವಾರದೊಳಗೆ ಎಳೆಗಾಯಿ ಕೈಗೆ ಬರುತ್ತದೆ. ಅದರ ದೊಡ್ಡ ಶತ್ರುವಾದ ಹಳದಿ ನಂಜು ರೋಗವನ್ನು ತಡೆದುಕೊಳ್ಳಲೆಂದು ರೂಪಿಸಿದ ‘ಅರ್ಕಾ ಅನಾಮಿಕಾ’ ತಳಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೊಡುಗೆ. ಪಾಲಕ್ ಜಾಗಕ್ಕೆ ಬಸಳೆ, ದಂಟು ಬರಲಿ. ನುಗ್ಗೆ, ಕರಿಬೇವು ಒಮ್ಮೆ ಬೇರೂರಿದರೆ ಬಿಸಿಲನ್ನು ಲೆಕ್ಕಕ್ಕೇ ಇಡುವುದಿಲ್ಲ.

ಇನ್ನು ನೀರು. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾಯುತ್ತಿದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ನೆರೆಮನೆಯಲ್ಲಿ ಕೊಡ ಖಾಲಿಯಿರುವಾಗ ಬದನೆ ಗಿಡಕ್ಕೆ ಪೈಪ್ ಹಿಡಿಯುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸರಿಯಲ್ಲ ಎಂಬುದೇ ಉತ್ತರ. ಆದರೆ ಆದೇಶ ತಡೆದದ್ದು ಕುಡಿಯುವ ನೀರನ್ನು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನಲ್ಲ. ಲೆಕ್ಕ ಸರಳ. ಕಡುಬೇಸಿಗೆಯಲ್ಲಿ ಎಲೆ ತುಂಬಿದ ಪಾತಿಯಿಂದ ದಿನಕ್ಕೆ ಸುಮಾರು 5ರಿಂದ 6 ಮಿಲಿಮೀಟರ್ ನೀರು ಆವಿಯಾಗುತ್ತದೆ, ಅಂದರೆ ಚದರ ಮೀಟರಿಗೆ 5ರಿಂದ 6 ಲೀಟರ್. ಅಡುಗೆಮನೆಯಲ್ಲಿ ದಿನಕ್ಕೆ 20 ಲೀಟರ್ ತೊಳೆದ ನೀರು ಸಿಕ್ಕರೆ ಮೂರು–ನಾಲ್ಕು ಚದರ ಮೀಟರ್ ಪಾತಿ ಸಾಕು. ಅದಕ್ಕಿಂತ ಹೆಚ್ಚು ಬಿತ್ತಿದರೆ ನಲ್ಲಿಗೆ ಕೈಹಾಕಬೇಕಾಗುತ್ತದೆ. ಹಳ್ಳಿಯ ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವಲ್ಲೇ ಬಾಳೆ, ಕೆಸು ಇರುತ್ತಿದ್ದುದರ ಹಿಂದೆಯೂ ಈ ವಿವೇಕವೇ ಇತ್ತು. ಹಣ್ಣಿನ ಆಸೆಯುಳ್ಳವರಿಗೆ ಬಾಳೆ ಇಂದಿಗೂ ಒಳ್ಳೆಯ ಆಯ್ಕೆ. ಪಪ್ಪಾಯಿಯನ್ನಾದರೆ ದಿಬ್ಬದ ಮೇಲೆ ನೆಡಬೇಕು, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬಟ್ಟೆ ಸೋಪಿನ ನೀರು, ಆರ್‌ಒ ಯಂತ್ರ ಹೊರಬಿಡುವ ಉಪ್ಪಿನ ನೀರು ದಿನವೂ ಬಿದ್ದರೆ ಮಣ್ಣು ಕೆಡುತ್ತದೆ. ಸೊಪ್ಪಿನ ಪಾತಿಗಂತೂ ಅವು ಬೇಡ. ಸೊಳ್ಳೆಯ ಭಯಕ್ಕೂ ಪರಿಹಾರ ಸುಲಭ: ಅಂದಿನ ನೀರನ್ನು ಅಂದೇ ಗಿಡಕ್ಕೆ ಹಾಕಿ ಬಕೆಟ್ ಬರಿದುಮಾಡುವುದು.

ನೀರು ಹೊಂದಿಸುವುದಕ್ಕಿಂತ ಇರುವ ನೀರನ್ನು ಬೇರಿನ ಬಳಿ ಉಳಿಸುವುದು ಮುಖ್ಯ. ಫೆಬ್ರುವರಿ–ಮಾರ್ಚ್‌ನಲ್ಲಿ ಹೊಂಗೆ ಮರಗಳು ಉದುರಿಸಿದ ಎಲೆಯನ್ನು ಗುಡಿಸಿ ರಸ್ತೆಬದಿಯಲ್ಲೇ ಸುಡುತ್ತೇವೆ. ಅದೇ ತರಗೆಲೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ಮಣ್ಣು ಕಾಯುವುದಿಲ್ಲ, ತೇವ ಬೇಗ ಆರುವುದಿಲ್ಲ. ಸುಟ್ಟ, ಆದರೆ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿದರೆ, ಅದು ಜಿನುಗುತ್ತ ಸುತ್ತಲ ಬೇರುಗಳಿಗೆ ಉಣಿಸುತ್ತದೆ. ನಡುಮಧ್ಯಾಹ್ನ ಹೀರೆ, ಕುಂಬಳದ ಅಗಲ ಎಲೆಗಳು ಜೋತುಬಿದ್ದರೆ ಗಾಬರಿ ಬೇಡ. ಸಂಜೆ ತಾವಾಗಿ ನಿಮಿರಿದರೆ ಗಿಡ ಚೆನ್ನಾಗಿಯೇ ಇದೆ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ, ಒಣಗಿದ್ದರಷ್ಟೇ ನೀರು ಹಾಕಬೇಕು, ಅದೂ ಬೆಳಗಿನ ತಂಪಿನಲ್ಲಿ.

ಹಸಿರು ಪರದೆ ಕಟ್ಟಿದರೆ ಟೊಮೆಟೊ ಬೆಳೆಯಬಹುದಲ್ಲ ಎನ್ನುವವರಿದ್ದಾರೆ. ಪರದೆ ಎಳೆ ಸಸಿಗಳನ್ನು ಕಾಯುತ್ತದೆ, ನಿಜ. ಆದರೆ ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಉಗುಳುವ ಸೆಕೆಗೆ ಅದರಲ್ಲಿ ಮದ್ದಿಲ್ಲ. ಇಷ್ಟು ಕಷ್ಟಕ್ಕಿಂತ ಮಾರುಕಟ್ಟೆಯೇ ಅಗ್ಗ ಎಂಬ ಮಾತಿನಲ್ಲೂ ಹುರುಳಿದೆ. ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬರಿಗೆ ದಿನಕ್ಕೆ ಹೇಳುವ 400 ಗ್ರಾಂ ತರಕಾರಿಯನ್ನು ನಾಲ್ಕು ಚದರ ಮೀಟರ್ ಪಾತಿ ಇಡೀ ಸಂಸಾರಕ್ಕೆ ಕೊಡಲಾರದು. ಆದರೆ ಸಂತೆಯಿಂದ ಮನೆ ಸೇರುವಷ್ಟರಲ್ಲಿ ಬಾಡುವುದು ಸೊಪ್ಪು. ಅದನ್ನೇ ಕೈತೋಟ ಒಲೆ ಹಚ್ಚುವ ಹೊತ್ತಿಗೆ ತಾಜಾ ಕೊಡುತ್ತದೆ. ಮಳೆ ಬಂದು ರಾತ್ರಿಗಳು ತಂಪಾದ ಮೇಲೆ ಟೊಮೆಟೊ ನೆಡೋಣ. ಈಗ ಬೆಂಡೆ ಬೀಜ ಊರಿ, ಅಕ್ಕಿ ತೊಳೆದ ನೀರಿಗೆ ಅಡುಗೆಮನೆಯಲ್ಲೊಂದು ಬಕೆಟ್ ಇಡೋಣ.